ನೆತ್ತರಿನ ನೆನಪು

ನಾನು ಕನ್ನಡ ಮತ್ತು ಸಮಾಜ ಪಾಠ ಹೇಳುವವಳು. ವಿಜ್ಞಾನಕ್ಕೂ ನನಗೂ ಎಸ್ಸೆಸ್ಸೆಲ್ಸಿಯ ಹೊತ್ತಿಗೇ ಋಣ ಹರಿದಿತ್ತು. ಬ್ಯಾಡಗಿ ನನ್ನ ತವರು, ಹಾವೇರಿ ಕೊಟ್ಟ ಮನೆ, ರಾಣೆಬೆನ್ನೂರು ಅನ್ನ ಕೊಟ್ಟ ಊರು. 2016ರಲ್ಲಿ ರಾಣೆಬೆನ್ನೂರಿನ ನಮ್ಮ ಶಾಲೆಯ ವಿಜ್ಞಾನದ ಶಿಕ್ಷಕಿ ಹೆರಿಗೆ ರಜೆಯ ಮೇಲೆ ಹೋದಾಗ ಒಂಬತ್ತನೆಯ ತರಗತಿಯ ಕೆಲವು ಪಿರಿಯಡ್ಡುಗಳು ನನ್ನ ಕೊರಳಿಗೆ ಬಿದ್ದವು. "ಓದಿ ಹೇಳಿದರಾತು ಬಿಡ್ರಿ" ಎಂದು ಹೆಡ್ಮಾಸ್ತರರು ಧೈರ್ಯ ಕೊಟ್ಟರು.

ರೋಗಗಳ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಟೀಚರ್, ದಡಾರ ಒಮ್ಮೆ ಆದೋರಿಗೆ ಮತ್ತ ಯಾಕ ಆಗಂಗಿಲ್ರಿ?" ಎಂದಳು. "ಶರೀರಕ್ಕ ಅದರ ನೆನಪು ಉಳಿತೈತಿ" ಎಂದೆ. ಅವಳು ಕೂರಲಿಲ್ಲ. "ನೆನಪು ಎಲ್ಲಿರತೈತ್ರಿ? ತಲ್ಯಾಗೇನ್ರಿ?" ಇಡೀ ತರಗತಿ ನಕ್ಕಿತು. ನಾನೂ ನಕ್ಕು, "ನಾಳೆ ಹೇಳ್ತೀನಿ, ಕೂಡು" ಎಂದೆ. ಆ ನಾಳೆ ಬರುವುದಕ್ಕೆ ಬಹಳ ದಿನ ಹಿಡಿಯಿತು. ಅವಳು ಕೇಳಿದ ಪ್ರಶ್ನೆ ನನ್ನನ್ನು ನೇರವಾಗಿ ಬ್ಯಾಡಗಿಯ ನಮ್ಮ ಹಳೆಯ ಮನೆಯ ಅಡಿಗೆ ಒಲೆಯ ಮುಂದೆ ತಂದು ನಿಲ್ಲಿಸಿತ್ತು.

ನಮ್ಮ ಆಯಿಯ, ಎಂದರೆ ಅಪ್ಪನ ತಾಯಿಯ, ಮುಖದ ತುಂಬ ಮೈಲಿ ಬೇನೆಯ ಕಲೆಗಳಿದ್ದವು. ಸಣ್ಣವಳಿದ್ದಾಗ ಸಿಡುಬು ಬಂದು ಉಳಿದವಳು. ಆ ಕಲೆಗಳಿಂದಾಗಿ ಅವಳಿಗೆ ಗಂಡು ಸಿಗುವುದು ತಡವಾಯಿತಂತೆ. ಆದರೆ ಮದುವೆಯಾಗಿ ಬಂದ ಮೇಲೆ ಅವೇ ಕಲೆಗಳು ಅವಳಿಗೆ ಓಣಿಯಲ್ಲಿ ಒಂದು ಸ್ಥಾನ ಕೊಟ್ಟವು. ಯಾರ ಮನೆಯಲ್ಲಿ ದೇವಿ ಬಂದರೂ ಮೊದಲು ಆಯಿಗೆ ಕರೆ. ಬಾಳೆ ಎಲೆಯ ಮೇಲೆ ಕೂಸನ್ನು ಮಲಗಿಸುವುದು, ಬೇವಿನ ಎಲೆಯಿಂದ ಗಾಳಿ ಹಾಕುವುದು, ಹೊತ್ತು ಹೊತ್ತಿಗೆ ಗಂಜಿ ಕುಡಿಸುವುದು ಎಲ್ಲ ಅವಳದೇ. ಹೆತ್ತವರೇ ಹತ್ತಿರ ಹೋಗಲು ಹೆದರುವಲ್ಲಿ ಆಯಿ ರಾತ್ರಿಯೆಲ್ಲ ಕೂತಿರುತ್ತಿದ್ದಳು. ನಿನಗೆ ಹೆದರಿಕೆ ಇಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ. "ಆಕಿ ಒಮ್ಮೆ ನನ್ನ ಮುಖಾ ನೋಡ್ಯಾಳ. ಗುರುತು ಹಿಡೀತಾಳ. ಮತ್ತ ಬರಂಗಿಲ್ಲ" ಎಂದಿದ್ದಳು.

ಇತಿಹಾಸ ಓದುವವಳಿಗೆ ಈ ಮಾತು ಹೊಸದಲ್ಲ. ಕ್ರಿಸ್ತಪೂರ್ವ 430ರಲ್ಲಿ ಅಥೆನ್ಸ್ ನಗರಕ್ಕೆ ಮಹಾಮಾರಿ ಬಡಿದಾಗ ಅಲ್ಲಿಯ ಇತಿಹಾಸಕಾರ ಥುಸಿಡಿಡೀಸ್ ಇದನ್ನೇ ಕಂಡು ಬರೆದಿಟ್ಟ. ರೋಗ ಬಂದು ಉಳಿದವರೇ ರೋಗಿಗಳ ಆರೈಕೆಗೆ ನಿಂತರು, ಏಕೆಂದರೆ ಜೀವ ತೆಗೆಯುವಷ್ಟು ಜೋರಾಗಿ ಅದು ಮತ್ತೆ ಅವರಿಗೆ ಬರುತ್ತಿರಲಿಲ್ಲ. ಓದು ಬರಹ ಬಾರದ ನಮ್ಮ ಆಯಿಯೂ ಅಥೆನ್ಸಿನ ಆ ಹಿರಿಯನೂ ಒಂದೇ ಸಂಗತಿ ಬಲ್ಲವರಾಗಿದ್ದರು. ಅದು ಯಾಕೆ ಹಾಗೆ ಎಂಬುದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ.

ಯಾಕೆ ಎಂದು ಗೊತ್ತಾಗುವ ಮೊದಲೇ ಮನುಷ್ಯ ಆ ನೆನಪಿನಿಂದ ಕೆಲಸ ತೆಗೆದುಕೊಳ್ಳಲು ಕಲಿತ. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬನ್ನು ಹುಡುಗನೊಬ್ಬನ ತೋಳಿಗೆ ಹಚ್ಚಿ ಮನುಷ್ಯರ ಸಿಡುಬನ್ನು ತಡೆದ. ಆರೇ ವರ್ಷಗಳಲ್ಲಿ ಆ ಲಸಿಕೆ ನಮ್ಮ ದೇಶಕ್ಕೆ ಬಂತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಅದನ್ನು ಮೊದಲು ಹಾಕಿಸಿಕೊಂಡದ್ದು ಆನಾ ಡಸ್ತಾಲ್ ಎಂಬ ಮೂರು ವರ್ಷದ ಹೆಣ್ಣುಕೂಸು. ಅದಾದ ಮೂರು ವರ್ಷಕ್ಕೆ, 1805ರ ಸುಮಾರಿಗೆ, ಥಾಮಸ್ ಹಿಕಿ ಎಂಬ ಕಲಾವಿದ ಮೈಸೂರಿನ ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಬಲಗಡೆಯ ಎಳೆಯ ರಾಣಿ ಸೀರೆಯ ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ. ಇವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಲಸಿಕೆ ಹಾಕಿಸಿಕೊಂಡ ತೋಳನ್ನು ಜನಕ್ಕೆ ತೋರಿಸಿ ಧೈರ್ಯ ಹೇಳುತ್ತಿದ್ದಾಳೆ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅರ್ಥ ಹೇಳಿದ್ದಾರೆ. ಅರಮನೆಯ ಹೆಣ್ಣುಮಗಳು ತೋಳು ತೆರೆದು ಪರಪುರುಷನ ಮುಂದೆ ಕೂತದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ನಮ್ಮ ಸೀಮೆಗೂ ಸೂಜಿ ಬಂದ ಕತೆ ಇದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಅಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡ. ಮರುವರ್ಷ ಪ್ಲೇಗು ಹುಬ್ಬಳ್ಳಿಯನ್ನು ಹಿಡಿದಾಗ ಅಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಆ ಲಸಿಕೆ ಹಾಕಿಸಿಕೊಂಡರು. ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೈಲು ದಾರಿಯ ಮೇಲೇ ನನ್ನ ಮೂರೂ ಊರುಗಳಿವೆ. ಮೊದಲು ಹಾವೇರಿ, ಆಮೇಲೆ ಬ್ಯಾಡಗಿ, ಆಮೇಲೆ ರಾಣೆಬೆನ್ನೂರು. ಇಲಿ ಬಿದ್ದವೆಂದರೆ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿತ್ತೆಂದು ಹಾವೇರಿಯ ನಮ್ಮ ಅತ್ತೆಯವರು ತಮ್ಮ ಹಿರಿಯರಿಂದ ಕೇಳಿದ್ದನ್ನು ಹೇಳುತ್ತಿದ್ದರು.

ಸರಿ, ಸೂಜಿ ಹಾಕಿದರೆ ರೋಗ ತಡೆಯುತ್ತದೆ. ಆದರೆ ಮೈಯೊಳಗೆ ನೆನಪಿಡುವವರು ಯಾರು? ಆ ಹುಡುಗಿ ಕೇಳಿದ್ದು ಅದನ್ನೇ.

1890ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬಿಬ್ಬರು ಮೊದಲ ಸುಳಿವು ಹಿಡಿದರು. ಧನುರ್ವಾಯುವಿನ ವಿಷವನ್ನು ತಡೆದುಕೊಂಡ ಪ್ರಾಣಿಯ ರಕ್ತದ ತಿಳಿಯನ್ನು ಇನ್ನೊಂದು ಪ್ರಾಣಿಗೆ ಕೊಟ್ಟರೆ ಅದಕ್ಕೂ ರಕ್ಷಣೆ ಸಿಗುತ್ತಿತ್ತು. ಎಂದರೆ ರಕ್ತದಲ್ಲಿ ಏನೋ ಇದೆ. ಆ ಏನೋಗೆ ಪ್ರತಿಕಾಯ ಎಂದು ಹೆಸರಾಯಿತು. ಅದನ್ನು ಮಾಡುವವರು ಯಾರು ಎಂದು ತೋರಿಸಿಕೊಟ್ಟವಳು ಒಬ್ಬ ಹೆಣ್ಣುಮಗಳು. ಸ್ವೀಡನ್ನಿನ ಆಸ್ಟ್ರಿಡ್ ಫಾಗ್ರೇಯಸ್ 1948ರಲ್ಲಿ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ, ಪ್ಲಾಸ್ಮಾ ಕಣಗಳೆಂಬ ಕಣಗಳೇ ಪ್ರತಿಕಾಯ ತಯಾರಿಸುತ್ತವೆ ಎಂದು ವಾದಿಸಿದಳು. ನಮ್ಮ ಪಠ್ಯಪುಸ್ತಕಗಳಲ್ಲಿ ನಾನು ಅವಳ ಹೆಸರನ್ನು ಕಂಡಿಲ್ಲ.

ಆ ಪ್ಲಾಸ್ಮಾ ಕಣಗಳ ಹುಟ್ಟು ಎಲ್ಲಿ? ಇದಕ್ಕೆ ಉತ್ತರ ಸಿಕ್ಕದ್ದು ಕೆಟ್ಟುಹೋದ ಒಂದು ಪಾಠದಿಂದ. ಶಿಕ್ಷಕಿಯಾದ ನನಗೆ ಈ ಕತೆ ಬಹಳ ಪ್ರೀತಿಯದು. ಕೋಳಿಯ ಬಾಲದ ಬುಡದಲ್ಲಿ ಒಂದು ಪುಟ್ಟ ಚೀಲವಿದೆ. ಇಟಲಿಯ ಪಡುವಾದ ಫ್ಯಾಬ್ರಿಷಿಯಸ್ ಅದನ್ನು ವರ್ಣಿಸಿದ ಗ್ರಂಥ 1621ರಲ್ಲೇ ಅಚ್ಚಾಗಿತ್ತು, ಆದರೆ ಅದರ ಉಪಯೋಗ ಯಾರಿಗೂ ತಿಳಿದಿರಲಿಲ್ಲ. ಲ್ಯಾಟಿನ್ನಿನಲ್ಲಿ ಚೀಲಕ್ಕೆ ಬರ್ಸಾ ಎನ್ನುತ್ತಾರೆ. ನಮ್ಮ ಆಯಿಯ ಎಲೆ ಅಡಿಕೆಯ ಸಂಚಿ ಇದ್ದಂತೆ ಅನ್ನಿ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ತರುಣ ಕೆಲವು ಕೋಳಿಗಳ ಈ ಸಂಚಿಯನ್ನು ತೆಗೆದು ಏನಾಗುವುದೆಂದು ನೋಡುತ್ತಿದ್ದ. ಏನೂ ಆಗಲಿಲ್ಲ. ಒಂದು ದಿನ ಅವನ ಜೊತೆಗಾರ ಟಿಮೊಥಿ ಚಾಂಗ್, ಕೋಳಿಗೆ ರೋಗಾಣು ಚುಚ್ಚಿದರೆ ಪ್ರತಿಕಾಯ ಹುಟ್ಟುತ್ತದೆ ಎಂದು ವಿದ್ಯಾರ್ಥಿಗಳಿಗೆ ತೋರಿಸಲು ಅವೇ ಕೋಳಿಗಳನ್ನು ಕಡ ತಂದ. ಪಾಠ ಕೆಟ್ಟಿತು, ಪ್ರತಿಕಾಯ ಹುಟ್ಟಲೇ ಇಲ್ಲ. ಇಬ್ಬರೂ ಕೂತು ವಿಚಾರ ಮಾಡಿದಾಗ ಸಂಚಿಯ ಗುಟ್ಟು ಹೊರಬಿತ್ತು. ಅವರ ಲೇಖನವನ್ನು ದೊಡ್ಡ ವಿಜ್ಞಾನ ಪತ್ರಿಕೆ ಹಿಂದಕ್ಕೆ ಕಳಿಸಿತು. 1956ರಲ್ಲಿ ಅದು ಕೋಳಿ ಸಾಕಣೆಯ ಪತ್ರಿಕೆಯೊಂದರಲ್ಲಿ ಬೆಳಕು ಕಂಡಿತು. 1965ರಲ್ಲಿ ಮಿನೆಸೋಟದ ಮ್ಯಾಕ್ಸ್ ಕೂಪರ್ ಮತ್ತು ರಾಬರ್ಟ್ ಗುಡ್ ಆ ಎಳೆಯನ್ನು ಮುಂದುವರಿಸಿ, ರಕ್ಷಣೆಯ ಬಿಳಿ ರಕ್ತಕಣಗಳಲ್ಲಿ ಎರಡು ವಂಶಗಳಿವೆ ಎಂದು ತೋರಿಸಿದರು. ಪ್ರತಿಕಾಯ ಮಾಡುವ ವಂಶಕ್ಕೆ ಬರ್ಸಾದ ಮೊದಲಕ್ಷರವೇ ಹೆಸರಾಗಿ ಬಿ ಕಣ ಎಂದಾಯಿತು. ಇನ್ನೊಂದು ವಂಶ ಟಿ ಕಣಗಳದು, ಅವುಗಳ ಕತೆ ಬೇರೆ. ನಮಗೆ ಕೋಳಿಯ ಸಂಚಿ ಇಲ್ಲ. ನಮ್ಮ ಬಿ ಕಣಗಳು ಎಲುಬಿನ ಮಜ್ಜೆಯಲ್ಲಿ ಹುಟ್ಟುತ್ತವೆ.

ಅವು ಕೆಲಸ ಮಾಡುವ ರೀತಿಯನ್ನು ನಾನು ತರಗತಿಯ ಹುಡುಗಿಯರಿಗೆ ಬಳೆಯ ಲೆಕ್ಕದಲ್ಲಿ ಹೇಳಿದೆ. ಜಾತ್ರೆಯ ಬಳೆ ಅಂಗಡಿ ನೆನೆಸಿಕೊಳ್ಳಿ. ಎರಡು-ನಾಲ್ಕು, ಎರಡು-ಆರು ಎಂದು ಅಳತೆಗಳಿರುತ್ತವೆ. ಮೈಯಲ್ಲಿರುವ ಕೋಟಿಗಟ್ಟಲೆ ಬಿ ಕಣಗಳಲ್ಲಿ ಒಂದೊಂದರ ಹತ್ತಿರವೂ ಒಂದೇ ಒಂದು ಅಳತೆಯ ಬಳೆ ಇದೆ. ಯಾವ ಕೈ ಬರುವುದೋ ಯಾರಿಗೂ ಗೊತ್ತಿಲ್ಲ, ಆದರೂ ಎಲ್ಲ ಅಳತೆಗಳೂ ಮೊದಲೇ ತಯಾರಾಗಿ ಕೂತಿವೆ. ಜೀನಿನ ತುಂಡುಗಳನ್ನು ಬೇರೆ ಬೇರೆ ಬಗೆಯಲ್ಲಿ ಜೋಡಿಸಿ ಇಷ್ಟೊಂದು ಅಳತೆ ಮಾಡುವ ಜಾಣತನವನ್ನು ಕಂಡುಹಿಡಿದ ಜಪಾನಿನ ಟೊನೆಗಾವಾ ಅವರಿಗೆ 1987ರ ನೊಬೆಲ್ ಬಂತು. ರೋಗಾಣು ಒಳಗೆ ಬಂದಾಗ ಅದರ ಕೈಗೆ ಹಿಡಿಸುವ ಬಳೆಯ ಕಣ ಮಾತ್ರ ಎಚ್ಚರಾಗುತ್ತದೆ. ಗಂಟಲು ಕೆರೆದಾಗ ದವಡೆಯ ಕೆಳಗೆ ಕೈಗೆ ಸಿಗುವ ಗಂಟಿದೆಯಲ್ಲ, ಅಂಥ ಗಂಟುಗಳೇ ಅವುಗಳ ಕಾರ್ಖಾನೆ. ಅಲ್ಲಿ ಟಿ ಕಣಗಳ ನೆರವಿನಿಂದ ಅದು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಬೆಳೆಯುತ್ತ ಬಳೆಯ ಅಳತೆಯನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳುತ್ತದೆ. ಅವುಗಳಲ್ಲಿ ಕೆಲವು ಪ್ಲಾಸ್ಮಾ ಕಣಗಳಾಗಿ ಸೆಕೆಂಡಿಗೆ ಸಾವಿರಾರು ಪ್ರತಿಕಾಯಗಳನ್ನು ರಕ್ತಕ್ಕೆ ಬಿಡುತ್ತವೆ. ಇಷ್ಟಾಗಲು ಮೊದಲ ಸಲ ಒಂದು ವಾರವೋ ಎರಡು ವಾರವೋ ಬೇಕು. ರೋಗಿಗೆ ಕಷ್ಟದ ದಿನಗಳು ಅವೇ. ಇನ್ನು ಕೆಲವು ಕಣಗಳು ಆ ಅಳತೆಯನ್ನು ಇಟ್ಟುಕೊಂಡು ಸುಮ್ಮನೆ ಕಾಯುತ್ತವೆ. ಅವೇ ನೆನಪಿನ ಕಣಗಳು. ಅದೇ ರೋಗಾಣು ಮತ್ತೆ ಬಂದರೆ ಅದು ಕಾಲೂರುವ ಮೊದಲೇ ಇವು ಎದ್ದು ನಿಲ್ಲುತ್ತವೆ. ಲಸಿಕೆ ಎಂದರೆ ರೋಗದ ಕಷ್ಟವಿಲ್ಲದೆ ಆ ಅಳತೆಯನ್ನು ಮೊದಲೇ ಕೊಡಿಸಿಡುವುದು, ಅಷ್ಟೆ.

ಈ ನೆನಪಿಗೆ ಆಯುಷ್ಯ ಎಷ್ಟು? ಫ್ಯಾರೋ ದ್ವೀಪಗಳಿಗೆ 1781ರಲ್ಲಿ ದಡಾರ ಬಂದು ಹೋಗಿತ್ತು. ಮತ್ತೆ ಬಂದದ್ದು ಅರವತ್ತೈದು ವರ್ಷಗಳ ಮೇಲೆ, 1846ರಲ್ಲಿ. ಸುಮಾರು 7,800 ಜನರಲ್ಲಿ ಆರು ಸಾವಿರದಷ್ಟು ಜನ ಮಲಗಿದರು. ಅಲ್ಲಿಗೆ ಹೋಗಿದ್ದ ಡೆನ್ಮಾರ್ಕಿನ ಎಳೆಯ ವೈದ್ಯ ಪಾನಮ್, ಮೊದಲ ಸಲ ದಡಾರ ಆಗಿದ್ದ ಮುದುಕರಲ್ಲಿ ಒಬ್ಬರಿಗೂ ಅದು ಮತ್ತೆ ಬರಲಿಲ್ಲವೆಂದು ಬರೆದ. ಇನ್ನೂ ಹತ್ತಿರದ ಮಾತೆಂದರೆ, 1918ರ ಇನ್‌ಫ್ಲುಯೆಂಜಾ ಕಂಡ 32 ಮಂದಿ ವೃದ್ಧರ ರಕ್ತ ಪರೀಕ್ಷಿಸಿದ ಅಮೆರಿಕದ ವಿಜ್ಞಾನಿಗಳಿಗೆ, ಆ ರೋಗಾಣುವಿನ ನೆನಪು ತೊಂಬತ್ತು ವರ್ಷಗಳ ನಂತರವೂ ಉಳಿದದ್ದು 2008ರಲ್ಲಿ ಕಂಡುಬಂತು.

ಹಾಗಾದರೆ ಆಯಿಯ ಮಾತು ತಿರುವುಮುರುವಾಗಿತ್ತು. ದೇವಿ ಆಯಿಯ ಗುರುತು ಹಿಡಿದಿರಲಿಲ್ಲ, ಆಯಿಯ ನೆತ್ತರೇ ರೋಗದ ಗುರುತು ಹಿಡಿದಿತ್ತು.

ಇಲ್ಲಿಯವರೆಗೆ ಹೇಳಿದ್ದು ಪುಸ್ತಕದ ಮಾತು. ಇನ್ನು ನಮ್ಮ ಮನೆಯ ಮಾತು ಹೇಳಬೇಕು. 1977ರ ಬೇಸಿಗೆ. ನನಗೆ ಎಂಟು ವರ್ಷ, ತಮ್ಮನಿಗೆ ಮೂರು. ಅವನಿಗೆ ದಡಾರ ಬಂತು, ನಮ್ಮ ಕಡೆ ಗೊಬ್ಬರ ಎನ್ನುತ್ತಾರೆ. ಆಯಿ ಬಾಗಿಲಿಗೆ ಬೇವಿನ ಟೊಂಗೆ ಕಟ್ಟಿದಳು. ದೇವಿ ಹೋಗುವವರೆಗೆ ಮನೆಯಲ್ಲಿ ಒಗ್ಗರಣೆ ಇಲ್ಲ, ತಲೆ ಬಾಚುವಂತಿಲ್ಲ. ಐದನೆಯ ದಿನ ಪೇಟೆಗೆ ಮೆಣಸಿನಕಾಯಿ ತಂದಿದ್ದ ನೆಂಟರು ಊಟದ ಹೊತ್ತಿಗೆ ಬಂದರು. ಬರಿ ಸಪ್ಪೆ ಬೇಳೆ ಹೇಗೆ ಬಡಿಸುವುದೆಂದು ಅವ್ವ ಹಿತ್ತಲಿನ ಒಲೆಯ ಮೇಲೆ ಒಂದು ಚೂರು ಎಣ್ಣೆ ಕಾಯಿಸಿ, ಸಾಸಿವೆ, ಎರಡು ಮೆಣಸಿನಕಾಯಿ ಹಾಕಿದಳು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಆದರೆ ವಾಸನೆ ಮುಚ್ಚಿಟ್ಟರೆ ಮುಚ್ಚುತ್ತದೆಯೇ? ಅದು ನಡುಮನೆಯವರೆಗೂ ಬಂತು.

ತಮ್ಮ ಗುಣವಾದ. ಬೇವಿನ ನೀರು ಎರೆದರು, ದೇವಿಗೆ ಮೊಸರನ್ನದ ಎಡೆ ಕೊಟ್ಟರು. ಅವನು ಓಣಿಯಲ್ಲಿ ಓಡಾಡಿಕೊಂಡಿದ್ದ. ಮಳೆ ಹಿಡಿದ ಮೇಲೆ, ಎರಡು ತಿಂಗಳಾಗಿತ್ತು, ಅವನಿಗೆ ಭೇದಿ ಹತ್ತಿತು, ಅದರ ಬೆನ್ನಿಗೇ ಎದೆಯಲ್ಲಿ ಕಫ. ಡಾಕ್ಟರು ಬಂದು ನೋಡಿದರು. ಮೂರನೆಯ ದಿನ ಬೆಳಗಿನ ಜಾವಕ್ಕೆ ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ದಿನವೇ ನಮ್ಮ ಸೋದರತ್ತೆ ಹೇಳಿದ ಮಾತು ನನಗೆ ಇನ್ನೂ ಕೇಳುತ್ತದೆ. "ತಾಯಿ ಮನ್ಯಾಗ ಇದ್ದಾಗ ಒಗ್ಗರಣಿ ಚುಂಯ್ ಅನಿಸಿದ್ಲು. ಬಿಡ್ತಾಳೇನ ತಾಯಿ?" ಆಯಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಬೇರೆಯವರ ಕೂಸುಗಳಿಗೆ ರಾತ್ರಿಯೆಲ್ಲ ಗಾಳಿ ಬೀಸಿದವಳು ಸೊಸೆಯ ಪರವಾಗಿ ಒಂದು ಮಾತು ಆಡಲಿಲ್ಲ. ಅವ್ವನಿಗೆ ಆಗ ಇಪ್ಪತ್ತೆಂಟು ವರ್ಷ. ಆಮೇಲೆ ಮನೆಯಲ್ಲಿ ಯಾರ ಮೈ ಬಿಸಿಯಾದರೂ ಅವ್ವ ಒಗ್ಗರಣೆ ಹಾಕಲಿಲ್ಲ. ನಾವು ದೊಡ್ಡವರಾಗಿ, ಸೊಸೆಯರು ಬಂದು, ಗ್ಯಾಸಿನ ಒಲೆ ಬಂದರೂ ಆ ನೇಮ ತಪ್ಪಲಿಲ್ಲ. ಅದು ಭಕ್ತಿ ಎಂದು ಜನ ಹೊಗಳಿದರು. ಅದು ಭಕ್ತಿಯಲ್ಲ, ತನಗೆ ತಾನೇ ಕೊಟ್ಟುಕೊಂಡ ಶಿಕ್ಷೆ ಎಂದು ನನಗೆ ತಿಳಿದಿತ್ತು. ಹೇಗೆ ಬಿಡಿಸಲಿ ಎಂದು ಮಾತ್ರ ತಿಳಿದಿರಲಿಲ್ಲ.

ದಡಾರದ ಲಸಿಕೆ ದೇಶದ ಎಲ್ಲ ಕೂಸುಗಳ ಕಾರ್ಯಕ್ರಮಕ್ಕೆ ಸೇರಿದ್ದು 1985ರಲ್ಲಿ, ತಮ್ಮ ಹೋದ ಎಂಟು ವರ್ಷಕ್ಕೆ. 2017ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ಹಾಕಬೇಕಾಗಿತ್ತು. ವಾಟ್ಸಪ್ಪಿನಲ್ಲಿ ಏನೇನೋ ಸುದ್ದಿ ಹಬ್ಬಿ ತಾಯಂದಿರು ಶಾಲೆಯ ಗೇಟಿಗೆ ಬಂದರು. ಒಬ್ಬಾಕೆ, "ಅಕ್ಕೋರ, ಗೊಬ್ಬರ ಎಲ್ಲಾರಿಗೂ ಬರೂದರಿ, ಬಂದು ಹೋಗ್ತೈತಿ. ಅದಕ್ಯಾಕ ಸೂಜಿ?" ಎಂದಳು. ಆ ದಿನ ನನ್ನ ಹತ್ತಿರ ವಿಜ್ಞಾನ ಇರಲಿಲ್ಲ, ತಮ್ಮನಿದ್ದ. ಅವನ ಕತೆ ಹೇಳಿದೆ. ಆಕೆ ಮಗಳನ್ನು ಸಾಲಿನಲ್ಲಿ ನಿಲ್ಲಿಸಿದಳು.

ಬಂದು ಹೋಗುವಾಗ ದಡಾರ ಏನು ಒಯ್ಯುತ್ತದೆ ಎಂಬುದು ನನಗೆ ತಿಳಿದದ್ದು 2020ರ ಲಾಕ್‌ಡೌನಿನಲ್ಲಿ ಓದುತ್ತ ಕೂತಾಗ. ದಡಾರದ ವೈರಸ್ಸು ಹೋಗಿ ಸೇರಿಕೊಳ್ಳುವುದೇ ನೆನಪಿನ ಕಣಗಳಲ್ಲಿ. ಅವುಗಳನ್ನು ಕೊಂದು, ಮೈ ಅಲ್ಲಿಯವರೆಗೆ ಕೂಡಿಸಿಟ್ಟ ನೆನಪುಗಳನ್ನು ಅಳಿಸುತ್ತದೆ. ನೆದರ್ಲೆಂಡಿನಲ್ಲಿ ಲಸಿಕೆ ಹಾಕಿಸದೆ ದಡಾರ ಬಂದ 77 ಮಕ್ಕಳ ರಕ್ತವನ್ನು ರೋಗಕ್ಕೆ ಮೊದಲೂ ಆಮೇಲೂ ಪರೀಕ್ಷಿಸಿದ್ದರು. ಬೇರೆ ರೋಗಾಣುಗಳ ವಿರುದ್ಧ ಅವರಲ್ಲಿದ್ದ ಪ್ರತಿಕಾಯಗಳಲ್ಲಿ ನೂರಕ್ಕೆ 11ರಿಂದ 73ರಷ್ಟು ಅಳಿಸಿಹೋಗಿದ್ದವೆಂದು 2019ರಲ್ಲಿ ಪ್ರಕಟವಾಯಿತು. ಮಗು ಎದ್ದು ಆಡುತ್ತದೆ, ಗುಣವಾಯಿತೆಂದು ನಾವು ಎಡೆ ಕೊಡುತ್ತೇವೆ. ಒಳಗೆ ಮಾತ್ರ ಬಳೆಯ ಅಂಗಡಿ ಅರ್ಧ ಬರಿದಾಗಿರುತ್ತದೆ. ಭೇದಿ, ನ್ಯುಮೋನಿಯಾ ಮುಂತಾದ ಹಳೆಯ ಶತ್ರುಗಳು ಹೊಸಬರಂತೆ ಒಳಗೆ ಬರುತ್ತವೆ. ಈ ಅಪಾಯ ಎರಡು ಮೂರು ವರ್ಷಗಳವರೆಗೂ ಇರುತ್ತದೆಂದು 2015ರ ಇನ್ನೊಂದು ಅಧ್ಯಯನ ಹೇಳಿತ್ತು. ಲಸಿಕೆ ಹೀಗೆ ಅಳಿಸುವುದಿಲ್ಲ. ಗರ್ಭದಲ್ಲಿದ್ದಾಗಲೇ ತಾಯಿ ತನ್ನ ಪ್ರತಿಕಾಯಗಳಲ್ಲಿ ಪಾಲು ಕೊಟ್ಟು ಕೂಸನ್ನು ಕೆಲವು ತಿಂಗಳು ಕಾಯುತ್ತಾಳೆ. ಆ ಪಾಲು ಕರಗುವ ಹೊತ್ತಿಗೆ, ಒಂಬತ್ತು ತಿಂಗಳು ತುಂಬಿದಾಗ ಮೊದಲ ಸೂಜಿ, ಒಂದೂವರೆ ವರ್ಷದ ಆಚೀಚೆ ಎರಡನೆಯದು.

2021ರ ಮಾರ್ಚಿನಲ್ಲಿ ಅವ್ವನನ್ನು ಕೊರೋನಾ ಲಸಿಕೆಗೆ ಬ್ಯಾಡಗಿಯ ಆಸ್ಪತ್ರೆಗೆ ಕರೆದೊಯ್ದೆ. ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಕೂಡಬೇಕೆಂದರು. ಅವ್ವನ ಎಡತೋಳಿನ ಮೇಲೆ ಚಿಕ್ಕಂದಿನಲ್ಲಿ ದೇವಿ ಹಾಕಿಸಿದ ದುಂಡನೆಯ ಗುರುತು ಇದೆ. ಅದನ್ನು ನೋಡುತ್ತ ನೋಡುತ್ತ ನನಗೆ ಧೈರ್ಯ ಬಂತು. ತಮ್ಮನ ಹೆಸರು ತೆಗೆದೆ. ದಡಾರ ಏನು ಮಾಡುತ್ತದೆಂದು ಬಳೆಯ ಲೆಕ್ಕದಲ್ಲೇ ಹೇಳಿದೆ. ಅವನಿಗೆ ಆದದ್ದು ಇದೇ ಎಂದು ಡಾಕ್ಟರಂತೆ ಆಣೆ ಮಾಡಿ ಹೇಳಲಾರೆ, ಆದರೆ ಒಗ್ಗರಣೆಯಿಂದ ಅಲ್ಲ ಎಂಬುದನ್ನು ಮಾತ್ರ ಆಣೆ ಮಾಡಿ ಹೇಳುತ್ತೇನೆ ಎಂದೆ.

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಆಮೇಲೆ, "ನಿಮ್ಮ ಆಯಿ ಇದ್ದಾಗ ಹೇಳಬೇಕಾಗಿತ್ತವ್ವಾ" ಎಂದಳು.

"ಆಗ ಯಾರಿಗೂ ಗೊತ್ತಿರಲಿಲ್ಲವ್ವಾ. ಆಯಿಗೂ ಗೊತ್ತಿರಲಿಲ್ಲ."

"ಆಕಿಗಿ ಗೊತ್ತಿದ್ರ ಹೇಳ್ತಿದ್ಲು" ಎಂದಳು ಅವ್ವ. ಅತ್ತೆಯ ಬಗ್ಗೆ ಅವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ರಾತ್ರಿ ಲಸಿಕೆಯಿಂದ ಅವ್ವನಿಗೆ ಮೈ ಬಿಸಿಯಾಯಿತು. ಮರುದಿನ ಬೆಳಿಗ್ಗೆ ನಾದಿನಿ ಅಡಿಗೆಮನೆಯಿಂದಲೇ, "ಅತ್ತಿ, ನಿಮಗ ಜ್ವರಾ ಐತಿ, ಬ್ಯಾಳಿ ಸಪ್ಪಂದ ಇಡಲೇನ್ರಿ?" ಎಂದು ಕೇಳಿದಳು. ಅವ್ವ ಹಾಸಿಗೆಯಲ್ಲಿ ಎದ್ದು ಕೂತಿದ್ದಳು.

"ಯಾಕ? ಒಗ್ಗರಣಿ ಹಾಕು" ಎಂದಳು. "ಎರಡು ಮೆಣಸಿನಕಾಯಿ ಹಾಕು."